ಇಪ್ಪತ್ತಾಳು ದೊರೆ

ರಾಬರ್ಟ್‌ಸನ್‌ಪೇಟೆಯ ನಮ್ಮಂಗಡಿಯಲ್ಲಿ
ತಾತನ ಅಳತೆ ಪುಸ್ತಕ ಇನ್ನೂ ಇದೆ.
ಗೆದ್ದಲು ತಿಂದದ್ದು ಅಂಚು ಮಾತ್ರ.
ಸೊಂಟ, ತೋಳು, ಎದೆ ಎಲ್ಲ ಹಾಗೇ ಉಳಿದಿವೆ,
ಮನುಷ್ಯರಷ್ಟೇ ಇಲ್ಲ.

ಒಂದು ಪುಟದಲ್ಲಿ: ಟ್ವೆಂಟಿಮನ್, ಸಿರಿಲ್.
ಪಕ್ಕದಲ್ಲೇ ತಾತನ ಕೊಕ್ಕೆ ಅಕ್ಷರ: ಇಪ್ಪತ್ತಾಳು ದೊರೆ.
ಗಣಿ ಆಫೀಸಿನ ಯಾರೋ ಗುಮಾಸ್ತ
ಹೆಸರು ಬಿಡಿಸಿ ಅರ್ಥ ಹೇಳಿದ್ದನಂತೆ,
ಅಂದಿನಿಂದ ಪೇಟೆಗೆಲ್ಲ ಅದೇ.

ಸೊಂಟ ಮೂವತ್ತೆಂಟು.
ಪ್ಯಾಂಟು ಹೊಲಿಯಬೇಕಾದ್ದು ನಲವತ್ತೆಂಟಕ್ಕೆ.
"ಹತ್ತಿಂಚು ಜಾಸ್ತಿಯಾಯ್ತಲ್ಲ ದೊರೇ?"
"ಆ ಹತ್ತಿಂಚಲ್ಲೇ ಬಯ್ಯಣ್ಣ, ನನ್ನ ಅನ್ನ ಇರೋದು"
ತಮಿಳು ತೆಲುಗು ಕನ್ನಡ ಮೂರನ್ನೂ
ಒಂದೇ ಒರಳಿಗೆ ಹಾಕಿ ರುಬ್ಬಿದ ಮಾತು.

ಕೈ ಎತ್ತಿ ನಿಂತು ಅಳತೆ ಕೊಡುತ್ತಲೇ
ಹೇಳುತ್ತಿದ್ದನಂತೆ ತನ್ನ ಪಾಡು.
ತಾತನ ತುಟಿಯ ನಡುವೆ ಗುಂಡುಸೂಜಿ,
ನಗುವ ಹಾಗಿಲ್ಲ.

ಯಾವುದೋ ಬಂದರಲ್ಲಿ ಅಪ್ಪ ಮೀನು ಕೊಯ್ಯುವವನು.
ಹದಿಮೂರಕ್ಕೆ ಮನೆ ಬಿಟ್ಟದ್ದು
ಆಟದ ಕುದುರೆಯ ಹಿಂಗಾಲುಗಳಾಗಿ
(ಮುಂಗಾಲಿಗೆ ಬಡ್ತಿ ಸಿಗಲು ನಾಲ್ಕು ವರ್ಷ).
ಯುದ್ಧದ ಕಂದಕದಲ್ಲಿ ಎಡಗಿವಿ ಹೋಯಿತು,
ಹೆಂಡತಿ ಯಾವಾಗಲೂ ಎಡಕ್ಕೇ ಕೂರುತ್ತಿದ್ದಳು.
ಎರಡನೆಯವಳು ಜೊತೆಗಾರನೊಂದಿಗೆ ಓಡಿಹೋದಳು:
"ಅವನಂಥ ಜೊತೆಗಾರ ಮತ್ತೆ ಸಿಗಲಿಲ್ಲ ಬಯ್ಯಣ್ಣ."
ಲಂಡನ್ನಿನ ಥಿಯೇಟರಿನ ಮುಂಬಾಗಿಲಲ್ಲಿ ಸಾಲಗಾರರು.
ಹಿಂಬಾಗಿಲಿಂದ ಹೊರಬಿದ್ದವನು
ನಡೆದೂ ನಡೆದೂ ಬಂದಿಳಿದದ್ದು
ಮಾರಿಕುಪ್ಪಂ ಸ್ಟೇಷನ್ನಿನಲ್ಲಿ.

ಶನಿವಾರ ಶನಿವಾರ ಕ್ಲಬ್ಬಿನಲ್ಲಿ ಆಟ.
ಒಳಗೆ ದೊರೆಗಳು, ದೊರೆಸಾನಿಯರು.
ಕಿಟಕಿಯಾಚೆ ಇಣುಕುವ ನಾವು.

ಆ ಶನಿವಾರ
ಪ್ಯಾಂಟು ಜಾರುವ ಹೊತ್ತಿಗೆ ಸರಿಯಾಗಿ ನೆಲವೂ ಜಾರಿತು.
ಗಾಜಿನ ಲೋಟಗಳು ಗಿಲಿಗಿಲಿ ಅಂದವು.
ಅದೂ ಆಟವೆಂದು ಚಪ್ಪಾಳೆ.
ಅವನು ಮಾತ್ರ ಉಳಿದೊಂದು ಕಿವಿಯನ್ನು
ನೆಲದತ್ತ ಬಾಗಿಸಿ ನಿಂತ.

ಕೆಳಗೆ, ಬಹಳ ಕೆಳಗೆ,
ಬಂಡೆ ಸಿಡಿದಿತ್ತು.

ಬಣ್ಣ ಒರೆಸಲಿಲ್ಲ. ಎರಡೂ ಕೈಲಿ ಪ್ಯಾಂಟು ಹಿಡಿದು
ಸಯನೈಡ್ ಗುಡ್ಡದ ಬಿಳಿ ಧೂಳಿನಲ್ಲಿ ಓಡಿದ.
ಶಾಫ್ಟಿನ ಬಾಯಲ್ಲಿ ಹೆಂಗಸರು, ಸೈರನ್ನು,
ಎಷ್ಟು ಹೊತ್ತಾದರೂ ಮೇಲೆ ಬರದ ಕೇಜು.
ಯಾರದೋ ಕಂಕುಳ ಕೂಸು
ಆ ಕೆಂಪು ಮೂಗು ಕಂಡು ಕಿಲಕಿಲ ನಕ್ಕುಬಿಟ್ಟಿತು.

ಯಾರೂ ಅದರ ಬಾಯಿ ಮುಚ್ಚಲಿಲ್ಲ
ಅನ್ನುತ್ತಿದ್ದ ತಾತ,
ಪ್ರತಿ ಸಲ ಅಲ್ಲೇ ನಿಲ್ಲಿಸಿ ಎದ್ದು
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ.
ಬೆಳಗಾಗುವವರೆಗೆ ಮೂಗು ತೆಗೆಯಲಿಲ್ಲವಂತೆ.
ಕೂಸಿನ ಅಪ್ಪ ಮೂರನೇ ದಿನ ಮೇಲೆ ಬಂದ,
ಚಾಪೆಯಲ್ಲಿ.

ಕ್ಲಬ್ಬಿನವರು ಆಮೇಲೆ ಅವನನ್ನು ಕರೆಯಲಿಲ್ಲ.
ಲೈನುಮನೆಗಳ ನಡುವೆ, ನಲ್ಲಿಕಟ್ಟೆಯ ಮೇಲೆ ಆಟ,
ಟಿಕೇಟು ಒಂದು ಈರುಳ್ಳಿ, ಇಲ್ಲವೇ ಅರ್ಧ ಬೀಡಿ.
ದೊರೆಗಳು ಒಬ್ಬೊಬ್ಬರಾಗಿ ಸಾಮಾನು ಕಟ್ಟಿ ಹೊರಟರು.
ಇವನಿಗೆ ಕಟ್ಟಲು ಸಾಮಾನೇ ಇರಲಿಲ್ಲ.

ಪುಸ್ತಕದಲ್ಲಿ ಸೊಂಟ ಇಳಿಯುತ್ತದೆ.
ಮೂವತ್ತಾರು. ಮೂವತ್ಮೂರು.
ಕಡೆಯ ಸಾಲು ಇಪ್ಪತ್ತೊಂಬತ್ತು,
ಪ್ಯಾಂಟು ಅದೇ ನಲವತ್ತೆಂಟು.
ಸ್ವಲ್ಪ ಹಿಡಿದುಕೊಡಲಾ ಅಂತ ಕೇಳಿದ್ದಕ್ಕೆ
"ಬೇಡ ಬಯ್ಯಣ್ಣ, ಹೀಗಿದ್ದರೆ
ನಾನು ಇಳಿದುಹೋದದ್ದು ಯಾರಿಗೂ ಕಾಣಲ್ಲ."

ಬಾಕಿ ಹನ್ನೊಂದು ರೂಪಾಯಿ ನಾಲ್ಕಾಣೆ.
ತಾತ ಅದನ್ನು ಹೊಡೆದುಹಾಕಲಿಲ್ಲ, ಅಪ್ಪನೂ.
ನಾನು ಈಗ ನೈಟಿ ಹೊಲಿಯುತ್ತೇನೆ,
ಜೂನ್ ಬಂದರೆ ಸ್ಕೂಲ್ ಯೂನಿಫಾರಂ.
"ಎರಡಿಂಚು ಜಾಸ್ತಿ ಇಡಕ್ಕಾ, ಬೆಳೀತಾನೆ"
ಅನ್ನುತ್ತಾರೆ ತಾಯಂದಿರು.

ನಿನ್ನೆ ಒಬ್ಬ ಪೋರ ಹೊಸ ಚಡ್ಡಿ ತೊಟ್ಟು
ಕನ್ನಡಿಯೆದುರು ದೊಡ್ಡವನ ಹಾಗೆ ನಡೆದ,
ಎರಡೇ ಹೆಜ್ಜೆ,
ಚಡ್ಡಿ ಪಾದಕ್ಕೆ ಬಂತು.
ಅವನಮ್ಮ ನಕ್ಕಳು, ಹೂವಿನವಳು ನಕ್ಕಳು.

ನನ್ನ ಬಾಯಲ್ಲಿ
ಆರು ಗುಂಡುಸೂಜಿ.